ಹತ್ತಕ್ಕೆ ನೀನು, ಹತ್ತೂ ನಲವತ್ತಕ್ಕೆ ನಾನು

ಕೂತುಕೋ ಲಮಾರಾ, ಬೆನ್ನು ನೆಟ್ಟಗಿರಲಿ.
ಜೋಳದ ರೊಟ್ಟಿಯ ತಟ್ಟೆ ಆಚೆ ಸರಿಸುತ್ತೇನೆ,
ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತೇನೆ,
ಈಗ ನಾನು ತ್ಬಿಲಿಸಿಯಿಂದ ಬಂದ ಹುಡುಗ,
ಕೊರಳಿಗೆ ಟೈ, ಎದುರಿಗೆ ಲ್ಯಾಪ್‌ಟಾಪು,
ವಯಸ್ಸು ನಿನ್ನದರ ಅರ್ಧ.

'ನಿಮ್ಮ ಬಗ್ಗೆ ಸ್ವಲ್ಪ ಹೇಳಿ.'
'ನಿನಗೆ ಗೊತ್ತಲ್ಲ' ಅನ್ನುತ್ತೀ.

ನನಗೆ ಗೊತ್ತು ಮಾರಾಯ್ತಿ, ಅವನಿಗೆ ಗೊತ್ತಿಲ್ಲ.
ಚಿಯಾತುರದ ಈ ಕಣಿವೆಯ ಮೇಲೆ
ತಂತಿಗೆ ಜೋತುಬಿದ್ದ ಕಬ್ಬಿಣದ ಡಬ್ಬಿಯ ಬಾಗಿಲನ್ನು
ಇಪ್ಪತ್ತೆರಡು ವರ್ಷ ಹಾಕಿ ತೆಗೆದವಳು ನೀನೆಂದು,
ಮೂರನೇ ಪಾಳಿ ಮುಗಿಸಿದ ಗಣಿಯವರು
ನಿಂತಲ್ಲೇ ನಿನ್ನ ಹೆಗಲಿಗೆ ಒರಗಿ ತೂಕಡಿಸುತ್ತಿದ್ದರೆಂದು,
ತಂತಿಯ ಸದ್ದಿನಲ್ಲೇ ಗಾಳಿ ಯಾವ ಕಡೆಯದೆಂದು ಹೇಳಬಲ್ಲೆಯೆಂದು,
ಒಂದು ಸಲ ಕರೆಂಟು ಹೋಗಿ, ನದಿಯ ನೆತ್ತಿಯ ಮೇಲೆ
ಇಬ್ಬರು ಪೊಲೀಸರು, ಒಂದು ಮದುವೆ ಕೇಕು, ಒಂದು ಟಗರು,
ಇವಿಷ್ಟರ ಜೊತೆ ಮೂರು ಗಂಟೆ ನೇತಾಡಿ
ಕೇಕನ್ನು ಟಗರಿನಿಂದ ಕಾಪಾಡಿದೆಯೆಂದು.

ಅದಕ್ಕೆ ಅವರ ಮಾತಿನಲ್ಲಿ
'ಬಿಕ್ಕಟ್ಟಿನ ನಿರ್ವಹಣೆ' ಅನ್ನುತ್ತಾರಂತೆ.
ಹಾಗೇ ಹೇಳು. ಟಗರಿನ ಹೆಸರೆತ್ತಬೇಡ.

'ಇಲ್ಲಿ ನಾಲ್ಕು ವರ್ಷ ಖಾಲಿ ಇದೆಯಲ್ಲ?'

ಹಳೆಯ ಡಬ್ಬಿಗಳು ನಿಂತವು,
ನೀನು ಕೂತೆ, ಕಿಲೋ ಲೆಕ್ಕದಲ್ಲಿ ಅಕ್ರೋಟು ಒಡೆಯುತ್ತ.
ಖಾಲಿಯಂತೆ!
ನೀನೋ ಕೈಗಳನ್ನು ಮೇಜಿನ ಬಟ್ಟೆಯಡಿ ಬಚ್ಚಿಡುತ್ತೀ.
ತೆಗೆ, ಮೇಲಿಡು.
ಉಗುರು ಕಪ್ಪಾಗಿದ್ದರೆ ಆಗಿರಲಿ,
ನಮ್ಮೂರಲ್ಲಿ ನದಿಯೇ ಕಪ್ಪು.

'ಐದು ವರ್ಷಗಳ ನಂತರ
ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?'

ಕಿಟಕಿಯಾಚೆ ನೋಡಿದೆ. ನಿಜವಾಗಿಯೂ ಯೋಚಿಸಿದೆ.
ಒಲೆಯಲ್ಲಿ ಸೌದೆ ಒಮ್ಮೆ ಕುಸಿಯಿತು.
'ಮೇಲೆ' ಅಂದೆ.
'ಆಮೇಲೆ ಕೆಳಗೆ.
ಆಮೇಲೆ ಮತ್ತೆ ಮೇಲೆ.'

ತ್ಬಿಲಿಸಿಯ ಹುಡುಗ ನಗಬಾರದಿತ್ತು,
ನಕ್ಕೆ, ಕನ್ನಡಕ ರೊಟ್ಟಿಯ ಮೇಲೆ ಬಿತ್ತು.

ನಗು ಮುಗಿದ ಮೇಲೆ
ಇಬ್ಬರೂ ನೋಡದೆ ನೋಡಿದೆವು,
ಕಪಾಟಿನಲ್ಲಿ, ಹುಳಿಪ್ಲಮ್ಮಿನ ಸೀಸೆಯ ಹಿಂದೆ,
ನಿನ್ನದರಂಥದೇ ಇನ್ನೊಂದು ಲಕೋಟೆ.
ತ್ಸಿಯಾಲಾ, ಕೆಳನಿಲ್ದಾಣದಲ್ಲಿ ಟಿಕೆಟು ಹರಿದವಳು.
ಹೊಸ ರೋಪ್‌ವೇಗೆ ಗಾಜಿನ ಡಬ್ಬಿಗಳು ಬಂದಿವೆ,
ಬಾಗಿಲು ತಾವಾಗಿಯೇ ಮುಚ್ಚಿಕೊಳ್ಳುತ್ತವೆ,
ಪಕ್ಕದಲ್ಲಿ ನಿಲ್ಲಲು ಒಬ್ಬಳು ಸಾಕಂತೆ.

ಅದರ ಬಗ್ಗೆ ನಾವು ಮಾತಾಡಿಲ್ಲ.
ಬೂಟಿನ ಬಗ್ಗೆ ಮಾತಾಡಿದ್ದೇವೆ.

ಇರುವುದು ಅದೂ ಒಂದೇ ಜೋಡಿ,
ಕುತೈಸಿಯಲ್ಲಿ ಸೊಸೆ ಖಾತುನಾಳ ಮದುವೆಗೆ ಕೊಂಡದ್ದು.
ನನ್ನ ಅಳತೆ, ನಿನಗೆ ಬಿಗಿ.
ಇವತ್ತು ರಾತ್ರಿ ಒದ್ದೆ ಪೇಪರು ತುರುಕಿ
ಒಲೆಯ ಪಕ್ಕ ಇಟ್ಟು ಹಿಗ್ಗಿಸುತ್ತೇನೆ.
ನಾಳೆ ನನಗೆ ಸಡಿಲವಾಗುತ್ತದೆ, ಆಗಲಿ,
ಮನೆಯಲ್ಲಿ ಹತ್ತಿ ಇದೆ.

ಹತ್ತಕ್ಕೆ ನೀನು, ಹತ್ತೂ ನಲವತ್ತಕ್ಕೆ ನಾನು.
ಆಫೀಸಿನ ಮೂರನೇ ಮೆಟ್ಟಿಲ ಹತ್ತಿರ
ಉಣ್ಣೆಯ ಚಪ್ಪಲಿಯಲ್ಲಿ ನಿಂತಿರುತ್ತೇನೆ.
ಬಂದವಳೇ ಬಿಚ್ಚು. ಅವರು ಏನು ಕೇಳಿದರೆಂದು
ಹೇಳಬೇಡ.
ಇಲ್ಲ, ಒಂದೇ ಒಂದು ಹೇಳು,
ಎಲ್ಲಕ್ಕಿಂತ ಸುಲಭದ್ದು.
ಒಳಗೆ ನಿನ್ನ ಪಾದದ ಬಿಸಿ ಆರಿರುವುದಿಲ್ಲ,
ಅದರ ಮೇಲೇ ನಾನು ನಡೆದುಹೋಗಬೇಕು.

ಸರಿ, ಏಳು, ಜಾಗ ಬದಲಿಸೋಣ.
ತಗೋ ಕನ್ನಡಕ, ರೊಟ್ಟಿಯ ಪುಡಿ ಒರೆಸಿಕೋ.
ಈಗ ನೀನು ಕೇಳು.
ಮೊದಲು ನನ್ನ ಹೆಸರು ಕೇಳು,
ಗೊತ್ತೇ ಇಲ್ಲದವಳ ಹಾಗೆ.